ತಂತಿ ಕಡಿದವನ ದನಚರಿ

ಜನವರಿ 18, ಭಾನುವಾರ

ಈ ಡೈರಿಯ ರಟ್ಟಿನ ಮೇಲೆ ಬಂಗಾರದ ಬಣ್ಣದಲ್ಲಿ ‘ದನಚರಿ 2026’ ಎಂದು ಅಚ್ಚಾಗಿದೆ. ಒಂದು ಗುಡಿಸು ಬಿಟ್ಟುಹೋಗಿದೆ, ಅಷ್ಟೇ. ಆರ್ಡರ್ ಕೊಟ್ಟಿದ್ದ ಸಹಕಾರ ಸಂಘದವರು ಇನ್ನೂರು ಪ್ರತಿಯನ್ನೂ ಪ್ರೆಸ್ಸಿನ ಬಾಗಿಲಲ್ಲಿ ಸುರಿದು, "ಹಸುಗಳಿಗೆ ಹಂಚಿ ಸಾರ್" ಎಂದು ಹೇಳಿ ಹೋದರು. ಪ್ರೂಫ್ ನೋಡಿದ ಮಹಾನುಭಾವ ನಾನೇ. ಇಪ್ಪತ್ತಾರು ವರ್ಷದಿಂದ ಶ್ರೀನಗರದಲ್ಲಿ ಪ್ರೆಸ್ಸು ನಡೆಸುತ್ತ, ಊರವರ ಕಾಗುಣಿತವನ್ನೆಲ್ಲ ತಿದ್ದುತ್ತ ಬಂದಿರುವ ಸೋಮನಾಥ್. ಮನೆಯಲ್ಲಿ ಮಾತಾಡಲು ಯಾರೂ ಸಿಗದ ಕಾರಣ ಇವತ್ತಿನಿಂದ ಇದರಲ್ಲಿ ಬರೆಯುತ್ತೇನೆ. ಇನ್ನೂರು ಇವೆ, ಜಾಗದ ಚಿಂತೆಯಿಲ್ಲ.

ಹೆಂಡತಿ ವಿಜಯಲಕ್ಷ್ಮಿ ‘ತಿಂಡಿ’, ‘ಊಟ’, ‘ಗ್ಯಾಸ್ ಬಂತು’ ಎಂಬ ಮೂರು ಮಾತಿನಲ್ಲಿ ಸಂಸಾರ ನಡೆಸುತ್ತಿದ್ದಾಳೆ. ಅಪ್ಪಾಜಿಯಂತೂ ಮನೆಯಲ್ಲೇ ಇಲ್ಲ. ಸಂಕ್ರಾಂತಿಯ ಮರುದಿನ ವಸಂತಪುರಕ್ಕೆ, ನನ್ನ ತಂಗಿ ಶಿಲ್ಪಶ್ರೀ ಮನೆಗೆ ಹೊರಟುಹೋದರು.

ನಡೆದದ್ದಿಷ್ಟು. ಎಪ್ಪತ್ತೆಂಟು ವರ್ಷದ ಶ್ರೀ ಏಕಾಂತಯ್ಯನವರು ಹೋದ ಭಾನುವಾರ ತಮ್ಮ ನಲವತ್ತು ವರ್ಷದ ರಾಜದೂತ್ 350 ಏರಿ ಬನಶಂಕರಿ ಬಸ್ ಸ್ಟ್ಯಾಂಡಿನ ಕಡೆ ಸವಾರಿ ಹೊರಟರು, ಸಿಗ್ನಲ್ಲಿನಲ್ಲಿ ಕಾಲು ಜಾರಿ ಬಿದ್ದರು, ಎಡಗೈ ಮಣಿಕಟ್ಟು ಮುರಿದುಕೊಂಡರು. ಐದು ವಾರ ಪ್ಲಾಸ್ಟರ್. ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಮಾರನೇ ದಿನವೇ ಕೆಳಗಿಳಿದು, ಉಳಿದ ಒಂದು ಕೈಯಲ್ಲಿ ಬೈಕಿನ ಟ್ಯಾಂಕು ಒರೆಸುತ್ತ ನಿಂತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಕ್ಯಾಲೆಂಡರಿನ ಕಂಬಿ ಕತ್ತರಿಸುವ ಇಕ್ಕಳ ಬ್ಯಾಗಿನಲ್ಲಿತ್ತು. ಅವರೆದುರೇ ಎರಡೂ ಪ್ಲಗ್ ವೈರನ್ನು ಕಚಕ್ ಕಚಕ್ ಎಂದು ಕತ್ತರಿಸಿದೆ. ಅವರು ಒಂದು ಮಾತೂ ಆಡದೆ ಬಟ್ಟೆ ಮಡಚಿ ಸೀಟಿನ ಮೇಲಿಟ್ಟು ಒಳಗೆ ಹೋದರು.

ಅದರಲ್ಲಿ ತಪ್ಪೇನಿದೆ? ಮಗನಾದವನು ಹಾರ ಹಾಕಿ ಆರತಿ ಎತ್ತಬೇಕಿತ್ತೇ?

ಈ ದಿನ ಶಿಲ್ಪಶ್ರೀ ಅಪ್ಪಾಜಿಯ ಸಾಮಾನು ಒಯ್ಯಲು ಬಂದಿದ್ದಳು. ಕೈಯಲ್ಲಿ ಅವರು ಬರೆದುಕೊಟ್ಟ ಚೀಟಿ: ‘ಕ.ಕ., ಬಿ.ಪಂ. 2, ರೇ.’ ಮೂವತ್ತಾರು ವರ್ಷ ತಂತಿ ಕಚೇರಿಯಲ್ಲಿ ದುಡಿದವರು, ಪೂರ್ತಿ ಪದ ಬರೆದರೆ ಬೆರಳು ಸವೆಯುತ್ತದೆ. ಕಪ್ಪು ಕನ್ನಡಕ, ಬಿಳಿ ಪಂಚೆ ಎರಡು, ರೇಡಿಯೋ. ನನಗೆ ಈ ಅರ್ಧಂಬರ್ಧ ಬರವಣಿಗೆ ಕಂಡರೆ ಚಿಕ್ಕಂದಿನಿಂದಲೂ ಆಗುವುದಿಲ್ಲ. ಮೂರೂ ತೆಗೆದುಕೊಟ್ಟೆ.

ಜನವರಿ 20, ಮಂಗಳವಾರ

ಶಿಲ್ಪಶ್ರೀ ಫೋನು.

"ಅಣ್ಣ, ಅಪ್ಪಾಜಿ ಹೇಳ್ತಿದ್ದಾರೆ, ತಂತಿ ಕಡಿದವನೇ ಜೋಡಿಸ್ಬೇಕಂತೆ. ಮೆಕ್ಯಾನಿಕ್ ಕೈ ಹಾಕೋ ಹಾಗಿಲ್ವಂತೆ. ಆಮೇಲೆ ಅದೇ ಗಾಡೀಲಿ ಬಂದು ಕರ್ಕೊಂಡು ಹೋಗ್ಬೇಕಂತೆ."

"ಇಲ್ಲಾಂದ್ರೆ?"

"ಶಿವರಾತ್ರಿವರೆಗೂ ನೋಡ್ತಾರಂತೆ. ಆಮೇಲೆ ಇಲ್ಲೇ ಇದ್ದುಬಿಡ್ತಾರಂತೆ."

"ಅವರು ಪಕ್ಕದಲ್ಲೇ ಇದ್ದಾರಾ?"

"ಹ್ಞೂಂ."

"ಅವರ ಕೈಗೆ ಫೋನ್ ಕೊಡು."

ಆ ಕಡೆ ಏನೋ ಗೊಣಗಿದ್ದು ಕೇಳಿಸಿತು. "ಕೈ ಮುರಿದಿದೆಯಂತೆ," ಎಂದಳು.

ಏನು ಠೀವಿ! ನಾನು ಸ್ಕೂಟರ್ ಬಿಟ್ಟು ಬೇರೇನೂ ಓಡಿಸುವವನಲ್ಲ. ಕಾಲೇಜಿನಲ್ಲಿದ್ದಾಗ ಈ ರಾಕ್ಷಸನನ್ನು ಎರಡು ವಾರ ಕಲಿತು, ನ್ಯಾಷನಲ್ ಕಾಲೇಜಿನ ಹತ್ತಿರ ಒಂದು ಎಳನೀರಿನ ಗಾಡಿಗೆ ಗುದ್ದಿ, ಬಿಟ್ಟವನು. ಬ್ಲೇಡು ಬದಲಾಯಿಸಲೂ ಹೆಂಡತಿಯನ್ನು ಕರೆಯುವವನಿಗೆ ಪ್ಲಗ್ ವೈರು ಹಾಕು ಎಂದರೆ ಹೇಗೆ? ಅವರಿಗೆ ಬೇಕಿರುವುದು ವೈರಲ್ಲ, ನನ್ನ ಮಾನ. ಇರಲಿ ಅಲ್ಲೇ. ಮನೆ ತಣ್ಣಗಿದೆ. ಬೆಳಗ್ಗೆ ಆರಕ್ಕೆ ರೇಡಿಯೋ ಕಿರುಚುವುದಿಲ್ಲ. ಆದರೂ ಆರಕ್ಕೇ ಎಚ್ಚರವಾಗುತ್ತಿದೆ, ಅದು ವಯಸ್ಸಿನ ದೋಷ.

ಜನವರಿ 22, ಗುರುವಾರ

ನಿಯಮ ಏನೇ ಇರಲಿ, ಮೆಕ್ಯಾನಿಕ್ ಬೋರಣ್ಣನ ಹತ್ತಿರ ಗುಟ್ಟಾಗಿ ಮಾಡಿಸಿ, ಕೈಗೆ ಸ್ವಲ್ಪ ಗ್ರೀಸು ಬಳಿದುಕೊಂಡು ನಾನೇ ಮಾಡಿದೆ ಅನ್ನೋಣವೆಂದು ಹೋದೆ. ಶ್ರೀನಗರದ ಅವನ ಅಂಗಡಿ ಪ್ರೆಸ್ಸಿನಿಂದ ನಾಲ್ಕು ಹೆಜ್ಜೆ. ನನ್ನನ್ನು ನೋಡಿದ್ದೇ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

"ನಾನು ಮುಟ್ಟಲ್ಲ ಸಾರ್. ಯಜಮಾನ್ರು ಫೋನ್ ಮಾಡಿದ್ರು."

"ಯಾವಾಗ?"

"ನೀವು ಬರೋಕೆ ಒಂದು ವಾರ ಮುಂಚೇನೇ."

ಮಗನ ಬಗ್ಗೆ ಎಂಥ ನಂಬಿಕೆ! ಬೋರಣ್ಣ ಬಾಯಲ್ಲಿ ಹೇಳುತ್ತಾನಂತೆ, ಕೈಯಲ್ಲಿ ಮುಟ್ಟುವುದಿಲ್ಲವಂತೆ. ಹೇಳಿದ್ದು: ಅದು ಎರಡು ಸಿಲಿಂಡರಿನ ಗಾಡಿ. ಟ್ಯಾಂಕಿನ ಕೆಳಗೆ ಎರಡು ಕಾಯಿಲ್ ಇವೆ. ಒಂದೊಂದು ಕಾಯಿಲಿನಿಂದ ಒಂದೊಂದು ವೈರು ಒಂದೊಂದು ಪ್ಲಗ್ಗಿಗೆ ಕರೆಂಟು ಒಯ್ಯುತ್ತದೆ. ಕಂಪನಿಯ ವೈರು ಈಗ ಭೂಮಿಯ ಮೇಲೆಲ್ಲೂ ಸಿಗುವುದಿಲ್ಲ, ಹೊರಗಿನವರು ಮಾಡಿದ್ದು ತರಬೇಕು. ಹಳೇ ತುಂಡನ್ನು ಕಾಯಿಲಿನಿಂದ ತಿರುಗಿಸಿ ತೆಗೆದು, ಹೊಸದನ್ನು ತಿರುಗಿಸಿ ಕೂರಿಸಬೇಕು.

"ಬಲ್ಬ್ ಹಾಕ್ದಂಗೆ ಸಾರ್. ಮಗು ಕೆಲಸ."

ಬಲ್ಬನ್ನೂ ವಿಜಯಲಕ್ಷ್ಮಿಯೇ ಹಾಕುವುದು ಎಂದು ಅವನಿಗೆ ಹೇಳಲಿಲ್ಲ.

ಜನವರಿ 25, ಭಾನುವಾರ

ಎರಡನೇ ಚೀಟಿ: ‘ವಿ.ಪೆ., ಹ.ಚ., ಗೋ.ಗ.’ ವಿಭೂತಿ ಪೆಟ್ಟಿಗೆ, ಹವಾಯಿ ಚಪ್ಪಲಿ, ಗೋಡೆ ಗಡಿಯಾರ.

"ಗಡಿಯಾರ ಯಾಕೆ ಶಿಲ್ಪಾ? ಅಲ್ಲಿ ಟೈಮ್ ಇಲ್ವಾ?"

"ಅದು ಅವರ ರಿಟೈರ್ಮೆಂಟ್ ಗಡಿಯಾರ ಅಲ್ವಾ ಅಣ್ಣ? ರೂಮ್‌ಗೆ ಕರ್ಟನ್ ಹೊಲಿಯೋಕೆ ಕೊಟ್ಟಿದ್ದೀನಿ. ಅವರಿಗೂ ನಮ್ಮನೆ ಹಿಡಿಸಿದೆ. ನೀನು ಯಾಕೆ ಒದ್ದಾಡ್ತೀಯ, ಬಿಟ್ಟುಬಿಡು."

ಕರ್ಟನ್ನು! ಐದು ವಾರದ ನೆಂಟರಿಗೆ ಯಾರಾದರೂ ಕರ್ಟನ್ ಹೊಲಿಸುತ್ತಾರೆಯೇ? ವಿಜಯಲಕ್ಷ್ಮಿ ಸ್ಟೂಲು ಹತ್ತಿ ಗಡಿಯಾರ ಇಳಿಸಿಕೊಟ್ಟು, ನನ್ನ ಮುಖ ನೋಡಿ, ಸ್ಟೂಲನ್ನು ಧಡ್ ಎಂದು ಕುಕ್ಕಿದಳು. "ಇನ್ನು ಮಂಚ ಒಂದು ಬಾಕಿ ಇದೆ," ಎಂದಳು. ವಾರದಲ್ಲಿ ಅವಳ ಅತಿ ಉದ್ದದ ವಾಕ್ಯ.

ಮಧ್ಯಾಹ್ನ ಬಿಡುವಿತ್ತು. ಸುಮ್ಮನೆ ಸ್ಪ್ಯಾನರ್ ತೆಗೆದುಕೊಂಡು ಕೆಳಗೆ ಹೋದೆ. ಗಡಿಯಾರಕ್ಕೂ ಇದಕ್ಕೂ ಸಂಬಂಧವಿಲ್ಲ. ಟ್ಯಾಂಕು ಇಳಿಸಲು ಒಂದೂವರೆ ಗಂಟೆ ಹಿಡಿಯಿತು. ಪೆಟ್ರೋಲು ಹೊಸ ಪ್ಯಾಂಟಿನ ಮೇಲೆ.

ಜನವರಿ 27, ಮಂಗಳವಾರ

ಪ್ರೆಸ್ಸಿಗೆ ಹೋಗುವ ಮುಂಚೆ, ಟ್ಯಾಂಕು ಇಳಿಸಿದ್ದ ಜಾಗಕ್ಕೆ ಟಾರ್ಚು ಬಿಟ್ಟು ನೋಡಿದೆ. ಎರಡು ಕಾಯಿಲ್, ಒಂದರ ಹಿಂದೆ ಒಂದು, ಅವಳಿ ಮಕ್ಕಳು. ನಾನು ಕತ್ತರಿಸಿದ ವೈರಿನ ಮೋಟು ತುಂಡು ಎರಡರಲ್ಲೂ ನೇತಾಡುತ್ತಿತ್ತು. ತುಂಡಿನ ಮೇಲೆ ಬಿಳಿ ಟೇಪು. ಟೇಪಿನ ಮೇಲೆ ಅಪ್ಪಾಜಿಯ ಅಕ್ಷರ.

ಒಂದರ ಮೇಲೆ ‘ಊ.’ ಇನ್ನೊಂದರ ಮೇಲೆ ‘ಲಿಂ.’

ತಿಂಗಳಿಗೆ ನಲವತ್ತು ಸಲ ಈ ‘ಲಿಂ.’ ಟೈಪ್ ಮಾಡುವವನು ನಾನು. ಸತ್ತವರ ಹೆಸರಿಗೆ ಅಂಟಿಸುವ ಅಕ್ಷರ ಅದು. ನಮ್ಮ ಜನ ತೀರಿಕೊಂಡರೆ ಲಿಂಗೈಕ್ಯರಾದರು ಅನ್ನುತ್ತೇವೆ, ಕಾರ್ಡಿನಲ್ಲಿ ಜಾಗ ಸಾಲದಿದ್ದರೆ ‘ಲಿಂ.’ ಅಂದರೆ ಈ ವೈರು ಸತ್ತಿದೆ ಎಂದು ಬರೆದಿಟ್ಟಿದ್ದಾರೆ. ‘ಊ.’ ಎಂದರೆ ಊರ್ಜಿತವೇ ಇರಬೇಕು, ಇನ್ನೂ ಚಾಲ್ತಿಯಲ್ಲಿರುವುದು. ಸರ್ಕಾರಿ ನೌಕರರು ನಿವೃತ್ತರಾದರೂ ಭಾಷೆ ನಿವೃತ್ತವಾಗುವುದಿಲ್ಲ. ಹೇಗೂ ಸತ್ತ ವೈರನ್ನೇ ಕತ್ತರಿಸಿದ್ದೇನೆ ಎಂದಾಯಿತು, ಅರ್ಧ ಪಾಪ ಕಡಿಮೆ.

ಎರಡೂ ಟೇಪನ್ನು ಕಿತ್ತು ಹಾಕಿದೆ. ಎರಡು ಮೋಟನ್ನೂ ತಿರುಗಿಸಿ ತೆಗೆದೆ. ಆ ಅಕ್ಷರ ಅಪ್ಪಾಜಿಯ ಕೈಬರಹದಲ್ಲಿ ಇರುವುದು ಬೇಡ ಅನ್ನಿಸಿತು. ಹಾಗಲ್ಲ, ಹಳೇ ಟೇಪಿನ ಗೋಂದು ಕೈಗೆ ಅಂಟುತ್ತಿತ್ತು. ಕಸದ ಬುಟ್ಟಿ ದೂರ ಇದ್ದುದರಿಂದ ಎರಡನ್ನೂ ಈ ಪುಟದ ಅಂಚಿಗೆ ಅಂಟಿಸಿದ್ದೇನೆ.

ಅವರು ಬಿದ್ದ ದಿನ ಯಾರೋ ಅಪರಿಚಿತರು ಅವರ ಫೋನಿನಿಂದ ಕರೆ ಮಾಡಿದ್ದರು. "ನಿಮ್ಮ ತಂದೆಯವರಾ ಸಾರ್? ಇಲ್ಲಿ ಬಿದ್ದಿದ್ದಾರೆ, ಬೇಗ ಬನ್ನಿ." ಆಗ ಯಾರದೋ ಕಾರ್ಡಿಗೆ ಇದೇ ‘ಲಿಂ.’ ಟೈಪ್ ಮಾಡುತ್ತಿದ್ದೆ. ಬೆರಳು ಕೀಲಿಯ ಮೇಲೇ ಇತ್ತು. ಇದನ್ನು ಇಲ್ಲಿ ಯಾಕೆ ಬರೆದೆನೋ ಗೊತ್ತಿಲ್ಲ.

ಜನವರಿ 30, ಶುಕ್ರವಾರ

ವೈರು ಬಂತು. ಆನ್‌ಲೈನಿನಲ್ಲಿ ತರಿಸಿದ್ದು, ಕೇಸರಿ ಬಣ್ಣ, ‘ರೇಸಿಂಗ್ ಕ್ವಾಲಿಟಿ’ ಎಂದು ಬರೆದಿದೆ. ಕಾಯಿಲಿಗೆ ಎಷ್ಟು ತಿರುಗಿಸಿದರೂ ಕೂರಲೊಲ್ಲದು, ಎಳೆದರೆ ಕಳಚಿ ಕೈಗೆ ಬರುತ್ತದೆ. ಬೋರಣ್ಣನಿಗೆ ತೋರಿಸಿದೆ. ದೂರದಿಂದಲೇ ಕುತ್ತಿಗೆ ಉದ್ದ ಮಾಡಿ ತುದಿಯನ್ನು ನೋಡಿದ.

"ಒಳಗೆ ಕಾರ್ಬನ್ ದಾರ ಇದೆ ಸಾರ್. ಇದು ಕಾರಿಂದು. ನಿಮ್ದಕ್ಕೆ ತಾಮ್ರದ ಎಳೆ ಇರೋದು ಬೇಕು. ಕಾಯಿಲೊಳಗಿನ ಮೊಳೆ ಕಚ್ಕೊಳ್ಳೋಕೆ ವೈರೊಳಗೆ ಲೋಹ ಬೇಕಲ್ವಾ?"

"ಮೊದಲೇ ಹೇಳೋಕೆ ಏನಾಗಿತ್ತು ನಿಂಗೆ?"

"ನೀವು ಕೇಳ್ಲಿಲ್ವಲ್ಲ ಸಾರ್."

ಇಡೀ ಶ್ರೀನಗರಕ್ಕೆ ಅಪ್ಪಾಜಿಯೇ ಪಾಠ ಮಾಡಿಟ್ಟಂತಿದೆ. ಅವರ ಹತ್ತಿರವೂ ಯಾವುದನ್ನೂ ಕೇಳದೆ ಹೇಳುವ ಪದ್ಧತಿಯಿಲ್ಲ.

ಫೆಬ್ರವರಿ 1, ಭಾನುವಾರ

ಶಿ. ಬಂದಳು. ಮೂರನೇ ಚೀಟಿ: ‘ಕ.ಫೋ.’ ಕಮಲಾದೇವಿ ಫೋಟೋ. ಅಂದರೆ ಅಮ್ಮನ ಫೋಟೋ.

ಕೊಡಲಿಲ್ಲ. "ಶಿವರಾತ್ರಿಗೆ ಇನ್ನೂ ಎರಡು ವಾರ ಇದೆ ಅಂತ ಹೇಳು," ಎಂದೆ. ದನಿ ಯಾಕೋ ಜೋರಾಯಿತು. ಶಿ. ಕಾಫಿಯನ್ನೂ ಕುಡಿಯದೆ ಹೋದಳು. ವಿ. ಮಾತ್ರ ರಾತ್ರಿ ಊಟಕ್ಕೆ ಶಾವಿಗೆ ಪಾಯಸ ಮಾಡಿದ್ದಳು. ಯಾವ ಹಬ್ಬ ಎಂದು ಕೇಳಲು ಧೈರ್ಯವಾಗಲಿಲ್ಲ.

ಫೆಬ್ರವರಿ 3, ಮಂಗಳವಾರ

ಜೆ.ಸಿ. ರಸ್ತೆಯಲ್ಲಿ ಏಳು ಅಂಗಡಿ. ತಾ. ಎಳೆಯ ವೈ. ಸಿಕ್ಕಿತು. ಕಪ್ಪು ಬಣ್ಣ, ನೋಡಲು ಏನೂ ಇಲ್ಲ. ಚೆನ್ನಾಗಿದೆ.

ಫೆಬ್ರವರಿ 5, ಗುರುವಾರ

ಪ್ರೆಸ್ಸಿಗೆ ಅರ್ಧ ದಿನ ರಜೆ. ವೈ. ಎರಡನ್ನೂ ಸಮ ಅಳತೆಗೆ ಕತ್ತರಿಸಿದೆ, ಈ ಸಲ ಕೋಪವಿಲ್ಲದೆ. ತುದಿಗೆ ಒಂದು ಚೂರು ಗ್ರೀಸು, ಕಾಯಿಲಿಗೆ ಇಟ್ಟು ಬಲಕ್ಕೆ ತಿರುಗಿಸಿದರೆ ಹಲ್ಲು ಕಚ್ಚಿದಂತೆ ಕಚ್ಚಿಕೊಂಡಿತು. ಎಳೆದು ನೋಡಿದೆ, ಬರಲಿಲ್ಲ. ಇನ್ನೊಂದು ತುದಿಗೆ ಕ್ಯಾಪು ತಿರುಗಿಸಿ ಪ್ಲಗ್ಗಿನ ಮೇಲೆ ಒತ್ತಿದೆ. ‘ಟಕ್’ ಅಂದಿತು. ಎರಡನೆಯದೂ ‘ಟಕ್’. ಆ ಸದ್ದು ಇಷ್ಟು ಹಿತವಾಗಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಅಪ್ಪಾಜಿ ಹೇಳಿದ್ದರೋ ಏನೋ, ನಾನು ಕೇಳಿರಲಿಲ್ಲ.

ಟ್ಯಾಂಕು ಕೂರಿಸಿ, ಮನೆಯಲ್ಲಿದ್ದ ಎರಡನೇ ಕೀ ಹಾಕಿ ಕಿಕ್ ಹೊಡೆದೆ. ಏನೂ ಇಲ್ಲ. ಎರಡು, ಮೂರು, ಹತ್ತು. ಹನ್ನೊಂದನೆಯದಕ್ಕೆ ಸೈಲೆನ್ಸರಿನಿಂದ ‘ಢಂ’ ಎಂದು ಗುಂಡು ಹಾರಿದ ಸದ್ದು ಬಂತು. ಹೊಗೆ, ಬೆಂಕಿಯ ನಾಲಗೆ, ರಸ್ತೆಯ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ಎದುರುಮನೆ ಚೂಡಾಮಣಿ ಆಂಟಿ ಬಾಗಿಲಿಗೆ ಬಂದರು.

"ಏನಪ್ಪ ಸೋಮನಾಥ, ದೀಪಾವಳಿ ಈ ವರ್ಷ ಬೇಗನಾ?"

"ರಿಪೇರಿ ಆಂಟಿ."

"ಯಾರದು, ನಮ್ಮ ಕಿವೀದಾ?"

ಇನ್ನೊಮ್ಮೆ ಒದ್ದೆ. ಇನ್ನೊಮ್ಮೆ ‘ಢಂ’. ಎಂಜಿನ್ನು ಒಡೆದುಹೋಯಿತೆಂದೇ ಅನ್ನಿಸಿತು. ಹಳೇ ಬೆಡ್‌ಶೀಟು ಹೊದಿಸಿ ಮೇಲೆ ಬಂದೆ. ಬೋರಣ್ಣನಿಗೆ ಹೇಳಲಿಲ್ಲ, ಅವನಿಗೆ ಹೇಳಿದರೆ ಸಂಜೆಯೊಳಗೆ ವಸಂತಪುರಕ್ಕೆ ಮುಟ್ಟುತ್ತದೆ.

ಫೆಬ್ರವರಿ 7, ಶನಿವಾರ

ಬೆ.ಶೀ. ಎತ್ತಲಿಲ್ಲ.

ವಿ. ಕೇಳಿದಳು, "ಆಗಲ್ವಾ?" ಆಗಲ್ಲ ಎಂದೆ. ಅವಳು ಬೈಯಲಿಲ್ಲ. ಅದೇ ಸಂಕಟ.

ಫೆಬ್ರವರಿ 8, ಭಾನುವಾರ

ಚೀಟಿ ಹಿಡಿದು ಶಿ. ಬರುವ ಮುಂಚೆ ನಾನೇ ಹೋಗೋಣ ಎಂದು ಬೆಳಗ್ಗೆ ಏಳಕ್ಕೇ ಸ್ಕೂಟರಿನಲ್ಲಿ ವಸಂತಪುರಕ್ಕೆ ಹೋದೆ. ಅಮ್ಮನ ಫೋಟೋವನ್ನು ಟವೆಲಿನಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟುಕೊಂಡಿದ್ದೆ. ಸೋತೆ, ತಪ್ಪಾಯ್ತು, ಗಾಡಿ ಕೆಟ್ಟಿತು, ಇಲ್ಲೇ ಇರಿ, ಫೋಟೋ ತಗೊಳ್ಳಿ. ಇಷ್ಟನ್ನೂ ಸಾರಕ್ಕಿ ಸಿಗ್ನಲ್ಲಿನಲ್ಲಿ ನಿಂತು ಎರಡು ಸಲ ಬಾಯಿಪಾಠ ಮಾಡಿದೆ.

"ಪೂಜೆಗೆ ಕೂತಿದ್ದಾರೆ, ಕೂತ್ಕೋ ಅಣ್ಣ," ಎಂದಳು ಶಿ.

ಕೋಣೆಯ ಬಾಗಿಲು ತೆರೆದಿತ್ತು. ಹೊಸ ಕರ್ಟನ್ನು, ನೀಲಿ ಹೂವಿನದು. ಅಪ್ಪಾಜಿ ಮಣೆಯ ಮೇಲೆ ಕೂತಿದ್ದರು. ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಪ್ಲಾಸ್ಟರಿನ ಎಡಗೈ. ಪ್ಲಾಸ್ಟರಿನಿಂದ ಹೊರಗಿದ್ದ ನಾಲ್ಕು ಬೆರಳ ತುದಿಯ ಮೇಲೆ ಇಷ್ಟಲಿಂಗ. ಅಂಗೈ ಪೂರ್ತಿ ಪ್ಲಾಸ್ಟರಿನಲ್ಲಿ ಮುಚ್ಚಿಹೋಗಿತ್ತು, ಲಿಂಗಕ್ಕೆ ಕೂರಲು ಜಾಗವಿರಲಿಲ್ಲ. ಬೆರಳು ನಡುಗುತ್ತಿದ್ದವು. ಬಲಗೈಯಿಂದ ವಿಭೂತಿ ಹಚ್ಚುವಾಗ ಅದು ಜಾರಿತು, ಅವರು ಗಾಬರಿಯಿಂದ ಎದೆಗೆ ಒತ್ತಿ ಹಿಡಿದರು. ಶಿ. ಒಳಗೆ ಓಡಿದಳು.

"ಯಾರೂ ಹಿಡೀಬೇಡಿ," ಎಂದು ಗದರಿದರು.

ನನಗೆ ಒಳಗೆ ಹೋಗಲಾಗಲಿಲ್ಲ. ಕರ್ಟನ್ನಿನ ಹೂವು ಎಣಿಸುತ್ತ ಕೂತೆ. ಎಪ್ಪತ್ತು ವರ್ಷ ದಿನಕ್ಕೆರಡು ಹೊತ್ತು ಆ ಅಂಗೈಯಲ್ಲಿ ಕೂತದ್ದು ನಾಲ್ಕು ವಾರದಿಂದ ಬೆರಳ ತುದಿಯಲ್ಲಿ ನೇತಾಡುತ್ತಿದೆ, ನನಗೆ ಅದು ಹೊಳೆದಿರಲೇ ಇಲ್ಲ.

ಪೂಜೆ ಮುಗಿಸಿ ತಿಂಡಿಗೆ ಬಂದರು. ನನ್ನನ್ನು ನೋಡಿದರು, ನೋಡದವರಂತೆ ಉಪ್ಪಿಟ್ಟಿಗೆ ಕೂತರು. ಶಿ. ವಾತಾವರಣ ತಿಳಿಮಾಡಲು, "ಬಲಗೈ ಉಳೀತಲ್ಲ ಅಪ್ಪಾಜಿ, ಅದೇ ಪುಣ್ಯ," ಎಂದಳು.

ಅಪ್ಪಾಜಿ ಉಪ್ಪಿಟ್ಟು ಕಲಸುತ್ತ ಹೇಳಿದರು, "ಊಟದ ಕೈ ಉಳೀತು. ಲಿಂಗದ ಕೈ ಹೋಯ್ತು."

ಊ. ಲಿಂ.

ನಾನು ಎದ್ದು ನಿಂತುಬಿಟ್ಟೆ. ಚಿಕ್ಕಂದಿನಲ್ಲಿ ನನಗೆ ಎಡ-ಬಲ ಕಲಿಸಿದ್ದೇ ಹೀಗೆ! ಊಟದ ಕೈ, ಲಿಂಗದ ಕೈ. ಎಡ-ಬಲ ಅಂದರೆ ಎದುರುಬದುರು ನಿಂತವರು ನಿನ್ನ ಎಡವೋ ನನ್ನ ಎಡವೋ ಅಂತ ಜಗಳ ಆಡ್ತಾರೆ, ಲಿಂಗದ ಕೈ ಅಂದರೆ ಯಾರಿಗೂ ಅನುಮಾನ ಬರಲ್ಲ ಅನ್ನುತ್ತಿದ್ದರು. ವೈರು ಸತ್ತಿದೆ ಎಂದು ಅವರು ಬರೆದಿರಲಿಲ್ಲ. ಎಡದ ಪ್ಲಗ್ಗಿನದು ಯಾವುದು, ಬಲದ್ದು ಯಾವುದು ಎಂದು ಗುರುತು ಹಾಕಿದ್ದರು. ನಾನು ಗುರುತು ಕಿತ್ತು, ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿ, ಬೀದಿಗೆಲ್ಲ ದೀಪಾವಳಿ ಮಾಡಿಸಿದ್ದೆ.

ದನಚರಿ ಅಚ್ಚು ಹಾಕಿದವನಿಗೆ ಇದೇನು ದೊಡ್ಡದಲ್ಲ.

"ತಿಂಡಿ ಅಣ್ಣ?" ಎಂದು ಶಿ. ಕೂಗಿದಳು. ನಿಲ್ಲಲಿಲ್ಲ. ಫೋಟೋ ಬ್ಯಾಗಿನಲ್ಲೇ ವಾಪಸು ಬಂತು.

ಮನೆಗೆ ಬಂದು ಬೆ.ಶೀ. ಎಳೆದೆ. ಕ್ಯಾಪು ಎರಡನ್ನೂ ಕಿತ್ತು ಅದಲು ಬದಲು ಮಾಡಿದೆ. ಟಕ್. ಟಕ್. ಮೂರನೇ ಕಿಕ್ಕಿಗೆ ಹೊತ್ತಿಕೊಂಡಿತು. ಆ ಸದ್ದು, ನೀಲಿ ಹೊಗೆ, ಆಯಿಲ್ ವಾಸನೆ, ಅಪ್ಪಾಜಿ ಸ್ಕೂಲಿಗೆ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ ಬೆಳಗು ಎಲ್ಲ ಒಟ್ಟಿಗೆ ಮುಖಕ್ಕೆ ಬಡಿಯಿತು. ವಿ. ಸೌಟು ಹಿಡಿದುಕೊಂಡೇ ಕೆಳಗೆ ಓಡಿ ಬಂದಳು. ಚೂ. ಆಂಟಿ ಬಾಗಿಲಲ್ಲಿ ಎರಡೂ ಕಿವಿ ಮುಚ್ಚಿಕೊಂಡು ನಗುತ್ತಿದ್ದರು. ಕಣ್ಣಿಗೆ ಹೊಗೆ ಹೋಗಿತ್ತು. ವಿ. ಸೆರಗು ಕೊಟ್ಟಳು, ಒರೆಸಿಕೊಂಡೆ.

ಫೆಬ್ರವರಿ 12, ಗುರುವಾರ

ನಾ. ದಿನದಿಂದ ಬೆಳಗ್ಗೆ ಓಡಿಸುವ ಅಭ್ಯಾಸ. ಬೆಂಗಳೂರಿನಲ್ಲಿ ಎಳನೀರಿನ ಗಾಡಿಗಳು ಹೆಚ್ಚಾಗಿವೆ. ಒಂದಕ್ಕೂ ಗುದ್ದಲಿಲ್ಲ.

ಕ್ಲಚ್ಚು ಕಲ್ಲಿನಂತೆ ಗಟ್ಟಿ. ಎರಡು ಸಿಗ್ನಲ್ ದಾಟುವುದರೊಳಗೆ ಎಡಗೈ ಮಣಿಕಟ್ಟು ನೋಯುತ್ತದೆ. ಅಪ್ಪಾಜಿ ಇದನ್ನು ಎಪ್ಪತ್ತೆಂಟರವರೆಗೂ ಹೇಗೆ ಹಿಡಿದರೋ.

ಫೆಬ್ರವರಿ 15, ಭಾನುವಾರ, ಶಿವರಾತ್ರಿ

ಬೆಳಗ್ಗೆ ಹತ್ತಕ್ಕೆ ಹೊರಟೆ. ವಿ. ಎರಡನೇ ಹೆಲ್ಮೆಟ್ಟನ್ನು ನನ್ನ ತೋಳಿಗೆ ಸಿಕ್ಕಿಸಿ, "ಅವರನ್ನ ಕರ್ಕೊಂಡು ಬನ್ನಿ, ನೀವು ಬರದಿದ್ರೂ ಪರವಾಗಿಲ್ಲ," ಎಂದಳು. ಮಾತು ಉದ್ದವಾಗುತ್ತಿದೆ. ಯಲಚೇನಹಳ್ಳಿಯಲ್ಲಿ ಒಮ್ಮೆ ನಿಂತುಹೋಯಿತು. ಹಿಂದಿನ ಬಸ್ಸಿನವನು ನಮ್ಮ ವಂಶವನ್ನೆಲ್ಲ ಸ್ಮರಿಸಿದ. ಕೋಣನಕುಂಟೆ ಕ್ರಾಸಿನಲ್ಲಿ ಹುಡುಗನೊಬ್ಬ "ಸಖತ್ ಗಾಡಿ ಅಂಕಲ್" ಎಂದ. ಥ್ಯಾಂಕ್ಸ್ ಹೇಳಲು ಹೋಗಿ ಮತ್ತೆ ಆಫ್ ಮಾಡಿಕೊಂಡೆ.

ಶಿ. ಮನೆಯ ಗೇಟಿನ ಮುಂದೆ ಸದ್ದು ಕೇಳಿ ಅಪ್ಪಾಜಿ ಹೊರಗೆ ಬಂದರು. ಮೊನ್ನೆ ಪ್ಲಾಸ್ಟರ್ ಬಿಚ್ಚಿದ್ದಾರೆ. ಎಡಗೈ ಒಣಗಿ ಬಿಳುಚಿಕೊಂಡು ಬೇರೆ ಯಾರದೋ ಕೈಯಂತಿತ್ತು. ಬೈಕಿನ ಸುತ್ತ ಒಂದು ಸುತ್ತು ಬಂದರು. ಬಗ್ಗಿ ವೈರು ನೋಡಿದರು. ನಾನು ಡೈರಿಯಿಂದ ಕಿತ್ತು ಹೊಸ ವೈರಿಗೆ ಅಂಟಿಸಿದ್ದ ಟೇಪುಗಳನ್ನು ನೋಡಿದರು. ‘ಲಿಂ.’ ಎಡಕ್ಕಿತ್ತು, ‘ಊ.’ ಬಲಕ್ಕಿತ್ತು.

"ಯಾರು ಹೇಳಿಕೊಟ್ಟರು?"

ಮೂವತ್ತೈದು ದಿನಕ್ಕೆ ಮೊದಲ ಮಾತು.

"ನೀವೇ. ಉಪ್ಪಿಟ್ಟು ತಿಂತಾ," ಎಂದೆ. "ತಪ್ಪಾಯ್ತು ಅಪ್ಪಾಜಿ. ನೀವು ಮತ್ತೆ ಓಡಿಸ್ತೀರಿ ಅಂತ ಹೆದರಿಬಿಟ್ಟೆ. ಅದಕ್ಕೇ ಕಡಿದೆ."

ಅವರು ಎಡಗೈ ಎತ್ತಿ ನನ್ನ ಮುಖದ ಮುಂದೆ ಹಿಡಿದು ಬೆರಳು ಮಡಚಲು ನೋಡಿದರು. ಅರ್ಧಕ್ಕೇ ನಿಂತವು.

"ಕ್ಲಚ್ ಯಾವ ಕೈಲಿ ಹಿಡೀತಾರೋ?"

ನಾನು ಕ್ಲಚ್ಚಿನ ಕಡೆ ನೋಡಿದೆ.

"ಬಿದ್ದ ದಿನಾನೇ ಗೊತ್ತಾಯ್ತು, ಇನ್ನು ಓಡ್ಸೋಕಾಗಲ್ಲ ಅಂತ. ಮಾರನೇ ದಿನ ಒರೆಸಿ ಕೀ ನಿನಗೆ ಕೊಡೋಣ ಅಂತ ಕೆಳಗೆ ಬಂದೆ. ಕೀ ಜೇಬಲ್ಲೇ ಇತ್ತು. ನೀನು ಇಕ್ಕಳ ತಗೊಂಡೆ." ಬಲಗೈಯಲ್ಲಿ ಟ್ಯಾಂಕು ಸವರಿದರು. "ಕೇಳಬಹುದಿತ್ತಲ್ಲಪ್ಪ, ಸೋಮು. ಒಂದು ಮಾತು."

ಗೇಟಿನ ಮುಂದೆ, ಹಾಲಿನವನು, ಪಕ್ಕದ ಮನೆಯವರು ಎಲ್ಲ ನೋಡುತ್ತಿರುವಾಗ ಅತ್ತುಬಿಟ್ಟೆ. ಐವತ್ತೊಂದು ವರ್ಷದ ಗಂಡಸು, ತಲೆ ಮೇಲೆ ಹೆಲ್ಮೆಟ್ಟು. ಒರೆಸಿಕೊಳ್ಳಲು ಗಾಜು ಎತ್ತುವುದೂ ಹೊಳೆಯಲಿಲ್ಲ.

"ಸಾಕು ಬಿಡು, ವೈರ್ ನೆನೆಯುತ್ತೆ," ಎಂದರು.

ಶಿ. ರೇಡಿಯೋ, ಗಡಿಯಾರ, ವಿಭೂತಿ ಪೆಟ್ಟಿಗೆ ಎಲ್ಲ ಸಂಜೆ ಆಟೋದಲ್ಲಿ ಕಳಿಸಿದಳು. ಕರ್ಟನ್ನನ್ನೂ ಮಡಚಿ ಕಳಿಸಿದಳು. ನಾವು ಹೊರಡುವಾಗ ಅಳುಮುಖ ಮಾಡಿಕೊಂಡಿದ್ದಳು ಪಾಪ. ಅವಳಿಗೂ ಅಪ್ಪಾಜಿ ಬೇಕಿತ್ತು ಎನ್ನುವುದು ನನಗೆ ಆಗಲೇ ಹೊಳೆದದ್ದು. ಮುಂದಿನ ತಿಂಗಳು ಅಲ್ಲಿ ಒಂದು ವಾರ ಎಂದು ಒಪ್ಪಂದವಾಗಿದೆ. ಕರೆದೊಯ್ಯುವವನು ನಾನೇ.

ಹಿಂದಿನ ಸೀಟಿನಲ್ಲಿ ಅಪ್ಪಾಜಿ ಮನೆ ಬರುವವರೆಗೂ ಪಾಠ ಮಾಡಿದರು. "ಗೇರ್ ಇಳಿಸು. ಲಿಂಗದ ಕೈ ಕಡೆ ತಿರುಗು. ಮೆಲ್ಲಗೆ ಬಿಡೋ ಕ್ಲಚ್ಚು, ಕತ್ತು ಹಿಸುಕಬೇಡ." ಐದು ವಾರದ ಬಾಕಿಯನ್ನು ಆರು ಕಿಲೋಮೀಟರಿನಲ್ಲಿ ತೀರಿಸಿದರು.

ಸಂಜೆ ಪೂಜೆಗೆ ಕೂತರು. ದಿಂಬು ತರಲು ವಿ. ಎದ್ದಳು. ಬೇಡ ಎಂದು ಕೈಸನ್ನೆ ಮಾಡಿ ನನ್ನತ್ತ ನೋಡಿದರು.

"ಕೈ ಕೊಡು."

ಇಷ್ಟು ದಿನ ನಾನು ಕೊಟ್ಟದ್ದೂ ಅದನ್ನೇ, ಬೇರೆ ಅರ್ಥದಲ್ಲಿ. "ಯಾವ ಕೈ?" ಎಂದೆ. ಅವರು ದುರುಗುಟ್ಟಿ ನೋಡಿದರು. ಎಡಗೈಯ ಗಡಿಯಾರ ಬಿಚ್ಚಿಟ್ಟು, ತೊಳೆದುಕೊಂಡು ಬಂದು ಪಕ್ಕದಲ್ಲಿ ಕೂತು ಅಂಗೈ ಚಾಚಿದೆ. ನನ್ನ ಅಂಗೈಯ ಮೇಲೆ ತಮ್ಮ ಕೈಯನ್ನು ಇಟ್ಟರು, ಅದರ ಮೇಲೆ ಲಿಂಗ. ಉಗುರಿನ ಸಂದಿನಲ್ಲಿ ನನಗಿನ್ನೂ ಗ್ರೀಸಿತ್ತು. ಅವರು ನೋಡಿದರು, ಬಲಗೈಯಿಂದ ವಿಭೂತಿ ತೆಗೆದುಕೊಂಡರು. ಕೈ ನಡುಗಿದಾಗಲೆಲ್ಲ ಕೆಳಗಿನಿಂದ ಮೆಲ್ಲಗೆ ಬಿಗಿಹಿಡಿದೆ. ಪೂಜೆ ಮುಗಿಯುವವರೆಗೂ ಜಾರಲಿಲ್ಲ.

ನಾಳೆ ಪ್ರೆಸ್ಸಿನಲ್ಲಿ ನಾಲ್ಕು ಸ್ಮರಣೆಯ ಕಾರ್ಡು ಇವೆ. ಜಾಗ ಸಾಲದಿದ್ದರೆ ಅಕ್ಷರ ಸಣ್ಣದು ಮಾಡುತ್ತೇನೆ, ನಾಲ್ಕರಲ್ಲೂ ‘ಲಿಂಗೈಕ್ಯ’ ಎಂದು ಪೂರ್ತಿಯಾಗಿ ಹಾಕುತ್ತೇನೆ. ‘ಲಿಂ.’ಗೆ ನಮ್ಮ ಮನೆಯಲ್ಲಿ ಬೇರೆ ಕೆಲಸವಿದೆ.